ಸ್ಕೀ ಬೆಟ್ಟದ ನಕ್ಷೆಯನ್ನು ಹಸಿರು ಗೆರೆಯಿಂದ ಓದಿ

ಡಿಸೆಂಬರ್ ಬಂತೆಂದರೆ ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆಯ ಕನ್ನಡ ಮನೆಗಳವರು ನನ್ನನ್ನು ಮೊದಲು ಕೇಳುವುದು, ತಾಹೋ ಸರೋವರದ ಸುತ್ತಲಿನ ಸ್ಕೀ ರೆಸಾರ್ಟ್‌ಗಳಲ್ಲಿ ಯಾವುದು ಎಲ್ಲಕ್ಕಿಂತ ಒಳ್ಳೆಯದು ಎಂದು. ಕೇಳುವವರ ಮನೆಯಲ್ಲಿ ಸಾಮಾನ್ಯವಾಗಿ ಮದುವೆಗೆ ಮೊದಲು ಕೆಲವು ಚಳಿಗಾಲ ಸ್ಕೀ ಮಾಡಿದ ಅಮ್ಮ, ಹಿಮದ ಮೇಲೆ ಕಾಲಿಡಲು ಅಳುಕುವ ಅಪ್ಪ, ಯಾರಿಗೂ ಕಾಯದ ಹದಿಮೂರರ ಮಗಳು, ಆರು ವರ್ಷದ ಮಗ, ಊರಿನಿಂದ ಬಂದಿರುವ ಅಜ್ಜಿ ಇರುತ್ತಾರೆ. ಐವರಿಗೂ ಒಂದೇ ಬೆಟ್ಟ ಹೊಂದಬೇಕು. ಹೊಸಬರಿಗೆ ಸ್ಕೀ ಕಲಿಸುವುದು ನನ್ನ ಕೆಲಸ. ಆ ಅನುಭವದಿಂದ ಹೇಳುವುದಾದರೆ, ಇಂಥ ಕುಟುಂಬದ ದಿನ ಚೆನ್ನಾಗಿರುತ್ತದೋ ಕೆಡುತ್ತದೋ ಎಂಬುದು ಅವರಲ್ಲಿ ಎಲ್ಲರಿಗಿಂತ ಕಡಿಮೆ ಬಲ್ಲವರಿಗೆ ಸಿಗುವ ದಾರಿಯ ಮೇಲೆ ನಿಂತಿದೆ.

ಹಾಗಾಗಿ ರೆಸಾರ್ಟಿನ ಹೆಸರು ಹೇಳುವ ಮೊದಲು ಅದರ ನಕ್ಷೆ ತೆರೆಯಿರಿ ಎನ್ನುತ್ತೇನೆ. ಅಮೆರಿಕದ ನಕ್ಷೆಗಳಲ್ಲಿ ಹಸಿರು ವೃತ್ತವೆಂದರೆ ಸುಲಭದ ಇಳಿಜಾರು, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಠಿಣ, ಜೋಡಿ ಕಪ್ಪು ವಜ್ರ ಪಳಗಿದವರಿಗೆ ಮಾತ್ರ. ಎಲ್ಲರ ಕಣ್ಣೂ ಮೊದಲು ಶಿಖರದ ಎತ್ತರದತ್ತ, ಕಪ್ಪು ವಜ್ರಗಳತ್ತ ಹೋಗುತ್ತದೆ. ನೀವು ಹಸಿರು ಗೆರೆಯೊಂದರ ಮೇಲೆ ಬೆರಳಿಟ್ಟು ಕೆಳಗೆ ಬನ್ನಿ. ಅದು ಎಲ್ಲಿ ಶುರುವಾಗುತ್ತದೆ? ಅಲ್ಲಿಗೆ ಒಯ್ಯುವ ಲಿಫ್ಟ್, ಅಂದರೆ ಜನರನ್ನು ಬೆಟ್ಟದ ಮೇಲಕ್ಕೆ ಏರಿಸುವ ತಂತಿದಾರಿ, ಯಾವುದು? ನಡುವೆ ನೀಲಿಯೊಳಗೆ ಸೇರಿಬಿಡುತ್ತದೆಯೇ? ಕೊನೆಗೆ ಯಾವ ಕಟ್ಟಡದ ಮುಂದೆ ಮುಗಿಯುತ್ತದೆ? ಮನೆಯ ಬೇರೆಯವರು ಇಳಿಯುವ ನೀಲಿ, ಕಪ್ಪು ದಾರಿಗಳೂ ಅದೇ ಕಟ್ಟಡಕ್ಕೆ ಬಂದು ಸೇರಿದರೆ ಅದು ನಿಮ್ಮ ಬೆಟ್ಟ. ಬೆಳಿಗ್ಗೆ ಚದುರಿ ಹೋದವರು ಊಟದ ಹೊತ್ತಿಗೆ ತಾವಾಗಿ ಒಟ್ಟಾಗುತ್ತಾರೆ.

ಈ ಬಣ್ಣಗಳು ಆಯಾ ಬೆಟ್ಟದೊಳಗಿನ ಹೋಲಿಕೆ ಮಾತ್ರ. ಒಂದು ಕಡೆಯ ನೀಲಿ ಇನ್ನೊಂದು ಕಡೆಯ ಕಪ್ಪಿನಷ್ಟೇ ಕಡಿದಾಗಿರಬಹುದು. ಯುರೋಪಿನಲ್ಲಂತೂ ಲೆಕ್ಕವೇ ಬೇರೆ: ಅಲ್ಲಿ ನೀಲಿ ಸುಲಭದ ಬಣ್ಣ, ಅದರ ಮೇಲೆ ಕೆಂಪು, ಆಮೇಲೆ ಕಪ್ಪು, ಫ್ರಾನ್ಸಿನಲ್ಲಿ ನೀಲಿಗೂ ಕೆಳಗೆ ಹಸಿರು.

ಹಸಿರಿನಲ್ಲೂ ಎರಡು ಬಗೆಯಿದೆ, ಇದನ್ನು ಯಾವ ನಕ್ಷೆಯೂ ಹೇಳುವುದಿಲ್ಲ. ಬೆಟ್ಟದ ಮೈಗೆ ಅಡ್ಡಲಾಗಿ ಸುತ್ತಿ ಸಾಗುವ ತೆಳು ಹಸಿರು ಗೆರೆ ಕಂಡರೆ ಜಾಗ್ರತೆ. ಅದು ಹಿಮ ಸಮಗೊಳಿಸುವ ಯಂತ್ರಗಳು ಓಡಾಡುವ ರಸ್ತೆ, ಕ್ಯಾಟ್‌ಟ್ರ್ಯಾಕ್ ಎನ್ನುತ್ತೇವೆ. ಇಳಿಜಾರು ಕಡಿಮೆಯೆಂದು ಅದಕ್ಕೆ ಹಸಿರು ಬಣ್ಣ ಕೊಟ್ಟಿರುತ್ತಾರೆ. ಆದರೆ ಅಗಲವೂ ಕಡಿಮೆ; ಒಂದು ಬದಿಗೆ ಹಿಮದ ದಿಬ್ಬ, ಇನ್ನೊಂದು ಬದಿಗೆ ಇಳಿಯುವ ಕಣಿವೆ. ಹೊಸಬರು ವೇಗ ತಗ್ಗಿಸಿಕೊಳ್ಳುವುದು ಅಗಲವಾದ ತಿರುವುಗಳಿಂದ. ತಿರುಗಲು ಜಾಗವಿಲ್ಲದಿದ್ದರೆ ಸ್ಕೀಗಳ ಹಿಂತುದಿಗಳನ್ನು ಹೊರಕ್ಕೆ ಒತ್ತಿ ಹಿಡಿದುಕೊಂಡೇ ಇಳಿಯಬೇಕು. ಅರ್ಧ ದಾರಿಗೆ ತೊಡೆ ನಡುಗತೊಡಗುತ್ತದೆ. ವೇಗವಾಗಿ ಬರುವವರು ಮೊಣಕೈ ತಾಗುವಷ್ಟು ಹತ್ತಿರದಲ್ಲಿ ಸುಯ್ಯೆಂದು ದಾಟುತ್ತಾರೆ. ದೊಡ್ಡವರು ಧೈರ್ಯಗೆಟ್ಟು ಸ್ಕೀ ಕಳಚಿ ನಡೆದುಕೊಂಡು ಬರುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಇಂಥ ಹಸಿರು ರಸ್ತೆಗಳಲ್ಲೇ. ಮೊದಲ ದಿನಕ್ಕೆ ಬೇಕಾದದ್ದು ಅಗಲವಾದ, ಒಂದೇ ಸಮನಾದ, ಕೊನೆಯಲ್ಲಿ ತಾನಾಗಿ ಸಮತಟ್ಟಾಗುವ ಹಸಿರು ಬಯಲು.

ಈ ಕಣ್ಣಿನಿಂದ ತಾಹೋದ ಬೆಟ್ಟಗಳನ್ನು ನೋಡಿ. ಹೆವೆನ್ಲಿ ರೆಸಾರ್ಟ್ ಕ್ಯಾಲಿಫೋರ್ನಿಯಾ, ನೆವಾಡಾ ಎರಡೂ ರಾಜ್ಯಗಳಲ್ಲಿ ಹರಡಿಕೊಂಡಿದೆ. ತುದಿ 10,000 ಅಡಿಗೂ ಮೇಲಿದೆ. ಸೌತ್ ಲೇಕ್ ತಾಹೋ ಪಟ್ಟಣದಿಂದ ಹೊರಡುವ ಗೊಂಡೊಲಾ (ತಂತಿಗೆ ತೂಗುವ ಮುಚ್ಚಿದ ಪುಟ್ಟ ಡಬ್ಬಿಗಳ ಲಿಫ್ಟ್) ದಾರಿಯಲ್ಲಿ ಸುಮಾರು 9,100 ಅಡಿ ಎತ್ತರದ ವೀಕ್ಷಣಾ ಜಗಲಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಕಾಣುವ ಸರೋವರದ ನೀಲಿಯನ್ನು ಅಜ್ಜಿ ನೋಡಲೇಬೇಕು. ಹೊಸಬರ ಬಯಲು ಗೊಂಡೊಲಾದ ತುದಿಯಲ್ಲೇ ಇದೆ. ಆದರೆ ಅಲ್ಲಿಂದ ಪಟ್ಟಣಕ್ಕೆ ಸ್ಕೀ ಮಾಡಿಕೊಂಡು ಇಳಿಯುವ ದಾರಿಯಿಲ್ಲ. ಸಂಜೆ ದಣಿದ ಮಗುವನ್ನು ಕಟ್ಟಿಕೊಂಡು ಗೊಂಡೊಲಾ ಸಾಲಿನಲ್ಲೇ ನಿಲ್ಲಬೇಕು. ಕ್ಯಾಲಿಫೋರ್ನಿಯಾ ಕಡೆಯ ಇನ್ನೊಂದು ಬುಡಕ್ಕೆ ಹೋದರೆ ಎದುರಿಗೇ ನಿಂತಿರುವುದು ಗನ್‌ಬ್ಯಾರೆಲ್ ಎಂಬ ಉಬ್ಬುತಗ್ಗಿನ ಕಪ್ಪು ಇಳಿಜಾರು.

1960ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಈಗ ಪ್ಯಾಲಿಸೇಡ್ಸ್ ತಾಹೋ ಎಂದು ಕರೆಯುವ ಕಣಿವೆಯಲ್ಲಿ. ಅದರ ಕೆಟಿ-22 ಲಿಫ್ಟ್ ಹತ್ತುವವರು ನಿಜವಾಗಿಯೂ ಪಳಗಿರಬೇಕು. ಇಷ್ಟಾದರೂ ಇಲ್ಲಿನ ಏರ್ಪಾಡು ಹೊಸಬರಿಗೆ ಅನುಕೂಲವಾಗಿದೆ: 6,200 ಅಡಿಯ ಬುಡದಿಂದ ಕೇಬಲ್ ಕಾರು 8,200 ಅಡಿಯ ಹೈ ಕ್ಯಾಂಪಿಗೆ ಒಯ್ಯುತ್ತದೆ, ಸುಲಭದ ಬಯಲು ಅಲ್ಲಿ ಮೇಲೆಯೇ ಇದೆ, ಸಂಜೆ ಕೇಬಲ್ ಕಾರಿನಲ್ಲೇ ಇಳಿಯಬಹುದು. ನಾರ್ತ್‌ಸ್ಟಾರ್ ಎಂಬ ಇನ್ನೊಂದು ರೆಸಾರ್ಟಿನಲ್ಲಿ ಕಡಿದು ಕಡಿಮೆ. ಉದ್ದನೆಯ, ನುಣುಪಾಗಿ ಹದಮಾಡಿದ ನೀಲಿ ಇಳಿಜಾರುಗಳೇ ಹೆಚ್ಚು, ಬಹುಪಾಲು ದಾರಿಗಳು ಬೆಟ್ಟದ ನಡುಭಾಗದ ಕಟ್ಟಡದತ್ತ ಬರುತ್ತವೆ. ಮೇಲೆ ಹೇಳಿದ ಐವರ ಕುಟುಂಬಕ್ಕೆ ನಾನು ಹೇಳುವ ಹೆಸರು ಇದು. ಆದರೆ ಯಾರೂ ಈವರೆಗೆ ಸ್ಕೀ ಮುಟ್ಟಿಲ್ಲವೆಂದರೆ ಇಂಥ ದೊಡ್ಡ ರೆಸಾರ್ಟಿಗೆ ದುಡ್ಡು ಸುರಿಯಬೇಕಿಲ್ಲ. ಡಾನರ್ ಕಣಿವೆಮಾರ್ಗದ ಬಳಿ ಹೆದ್ದಾರಿಗೆ ಹತ್ತಿರವೇ ಬೊರಿಯಲ್, ಸೋಡಾ ಸ್ಪ್ರಿಂಗ್ಸ್ ಎಂಬ ಚಿಕ್ಕ ರೆಸಾರ್ಟ್‌ಗಳಿವೆ. ಮೊದಲ ದಿನ ನೀವು ಬಳಸುವುದು ಒಂದು ಕ್ರಿಕೆಟ್ ಮೈದಾನದಷ್ಟು ಜಾಗ. ಉಳಿದ ಸಾವಿರಾರು ಎಕರೆ ಬೇರೆಯವರಿಗಾಗಿ.

ಬೆಟ್ಟ ಆರಿಸಿದ ಮೇಲೆ ದಿನದ ಅರ್ಧ ಹಣೆಬರಹ ಬಾಡಿಗೆ ಅಂಗಡಿಯಲ್ಲಿ ನಿರ್ಧಾರವಾಗುತ್ತದೆ. ಅಲ್ಲಿನ ಅರ್ಜಿಯಲ್ಲಿ ತೂಕ, ಎತ್ತರ, ವಯಸ್ಸು, ಜೊತೆಗೆ ನೀವು ಯಾವ ದರ್ಜೆಯ ಸ್ಕೀಗಾರರು ಎಂಬುದನ್ನು ಕೇಳುತ್ತಾರೆ: ನಿಧಾನಕ್ಕೆ ಹೋಗುವವರು ಒಂದು, ವೇಗಪ್ರಿಯರು ಮೂರು. ಸಂಕೋಚಕ್ಕೆ ತೂಕ ಇಳಿಸಿ ಬರೆಯುವವರಿದ್ದಾರೆ, ಹುಮ್ಮಸ್ಸಿಗೆ ಮೂರನೆಯದಕ್ಕೆ ಗುರುತು ಹಾಕುವವರಿದ್ದಾರೆ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಎಷ್ಟು ಬಲಕ್ಕೆ ಕಳಚಿಕೊಳ್ಳಬೇಕು ಎಂಬುದನ್ನು ಈ ಉತ್ತರಗಳು ಮತ್ತು ಬೂಟಿನ ಅಡಿಯ ಉದ್ದ ಸೇರಿ ನಿರ್ಧರಿಸುತ್ತವೆ. ದರ್ಜೆ ಏರಿಸಿ ಬರೆದರೆ ಬಿದ್ದಾಗ ಸ್ಕೀ ಕಳಚದೆ ಮಂಡಿಯನ್ನು ತಿರುಚುತ್ತದೆ. ತೂಕ ಇಳಿಸಿ ಬರೆದರೆ ಓಟದ ನಡುವೆಯೇ ಕಳಚಿಬಿಡಬಹುದು. ಅಲ್ಲಿ ನಿಜವನ್ನೇ ಬರೆಯಿರಿ.

ಬೂಟಿನ ವಿಷಯದಲ್ಲೂ ಹಾಗೆಯೇ. ಬೆಳೆಯುವ ಮಗುವೆಂದು ಶಾಲೆಯ ಶೂಗಳಂತೆ ಒಂದು ಅಳತೆ ದೊಡ್ಡದು ಕೊಡಿಸಬೇಡಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂಭಾಗಕ್ಕೆ ಸವರಬೇಕು, ಮಂಡಿ ಬಾಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಕೂಡದು. ಕಾಲುಚೀಲ ಒಂದೇ ಜೊತೆ, ತೆಳ್ಳಗಿನ ಉಣ್ಣೆಯದು. ಎರಡು ಜೊತೆ ಹಾಕಿದರೆ ಕಾಲು ಒತ್ತಿಕೊಂಡು ರಕ್ತ ಓಡಾಡದೆ ಇನ್ನಷ್ಟು ತಣ್ಣಗಾಗುತ್ತದೆ. ಹತ್ತಿಯ ಒಳಉಡುಪು ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಕೊರಳಿಗೆ ದುಪಟ್ಟಾ, ಸ್ಕಾರ್ಫ್ ಬೇಡವೇ ಬೇಡ, ಲಿಫ್ಟಿಗೆ ಸಿಕ್ಕಿಕೊಳ್ಳುತ್ತವೆ. ಹೆಲ್ಮೆಟ್ ಎಲ್ಲರಿಗೂ ಬೇಕು, ಬಲ್ಲವರಿಗೂ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ಶೇಕಡಾ 80ರವರೆಗೂ ಪ್ರತಿಫಲಿಸುತ್ತದೆ. ಮಕ್ಕಳ ಗಲ್ಲದ ಅಡಿಗೂ, ಮೂಗಿನ ಕೆಳಗೂ ಸನ್‌ಸ್ಕ್ರೀನ್ ಹಚ್ಚಿ.

ಇನ್ನು ಕಲಿಯುವ ಮಾತು. ದಯವಿಟ್ಟು ಹೆಂಡತಿ ಗಂಡನಿಗೆ, ಗಂಡ ಹೆಂಡತಿಗೆ ಕಲಿಸಲು ಹೋಗಬೇಡಿ. ಬಲ್ಲವರಿಗೆ ತಮ್ಮ ಕಾಲು ಹೇಗೆ ಕಲಿತಿತು ಎಂಬುದು ಮರೆತಿರುತ್ತದೆ; ಸೀದಾ ಚೇರ್‌ಲಿಫ್ಟ್ ಹತ್ತಿಸಿಬಿಡುತ್ತಾರೆ. ತರಗತಿಯಲ್ಲಿ ನಾವು ಮೊದಲು ಒಂದೇ ಕಾಲಿಗೆ ಸ್ಕೀ ಹಾಕಿಸಿ ಸಮತಟ್ಟು ನೆಲದಲ್ಲಿ ಜಾರಿಸುತ್ತೇವೆ. ಆಮೇಲೆ ಬೀಳುವುದು, ಏಳುವುದು. ಬೀಳುವಾಗ ಪಕ್ಕಕ್ಕೆ ಬೀಳಬೇಕು. ಹೆದರಿ ಹಿಂದಕ್ಕೆ ಕುಳಿತುಕೊಂಡರೆ ಸೊಂಟ ಮಂಡಿಗಿಂತ ಕೆಳಗಿಳಿದು, ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವ ಅಪಾಯವಿದೆ. ಕೈಯಲ್ಲಿನ ಕೋಲನ್ನು ಬಿಗಿಹಿಡಿದು ಬಿದ್ದರೆ ಹೆಬ್ಬೆರಳಿಗೆ ಏಟು. ಚಿಕ್ಕ ಮಕ್ಕಳಿಗೆ ನಾವು ಮೊದಲಿಗೆ ಕೋಲನ್ನೇ ಕೊಡುವುದಿಲ್ಲ. ನಂತರ ಸ್ಕೀಗಳ ಮುಂತುದಿ ಕೂಡಿಸಿ ಹಿಂತುದಿ ಅಗಲಿಸುವ ಪಿಜ್ಜಾ ಭಂಗಿ, ಮ್ಯಾಜಿಕ್ ಕಾರ್ಪೆಟ್ ಎಂಬ ಚಲಿಸುವ ಪಟ್ಟಿಯ ಮೇಲೆ ಮತ್ತೆ ಮತ್ತೆ ಏರುವುದು, ಇಳಿಯುವುದು. ಅಲ್ಲಿ ತಿರುಗಲು, ನಿಲ್ಲಲು ಬಂದ ಮೇಲಷ್ಟೇ ಚೇರ್‌ಲಿಫ್ಟ್.

ಲಿಫ್ಟಿನ ಸಾಲಿನಲ್ಲಿ ನಿಂತ ಮಕ್ಕಳಿಗೆ ನಾನು ಅದರ ಕತೆ ಹೇಳುವುದುಂಟು: ಜಗತ್ತಿನ ಮೊದಲ ಸ್ಕೀ ಚೇರ್‌ಲಿಫ್ಟ್ 1936ರಲ್ಲಿ ಐಡಾಹೊದ ಸನ್ ವ್ಯಾಲಿಯಲ್ಲಿ ಶುರುವಾಯಿತು. ಅದನ್ನು ರೂಪಿಸಿದ ರೈಲ್ವೆ ಎಂಜಿನಿಯರ್ ಜೇಮ್ಸ್ ಕರನ್‌ಗೆ ದಾರಿ ತೋರಿಸಿದ್ದು ಹಡಗಿಗೆ ಬಾಳೆಗೊನೆ ಏರಿಸುವ ಕೊಕ್ಕೆಗಳ ಸಾಲು. ಕತೆ ಮುಗಿಯುವಷ್ಟರಲ್ಲಿ ಹೆದರಿಕೆ ಸ್ವಲ್ಪ ತಗ್ಗಿರುತ್ತದೆ. ಮೊದಲ ಸಲ ಹತ್ತುವಾಗ ಸಿಬ್ಬಂದಿಗೆ ಕೈ ಬೀಸಿ ಹೇಳಿ, ಕುರ್ಚಿಯ ವೇಗ ತಗ್ಗಿಸುತ್ತಾರೆ.

ಹದಿಮೂರರ ಮಗಳನ್ನು ತಮ್ಮನ ಜೊತೆ ಕಟ್ಟಿಹಾಕಬೇಡಿ. ಸ್ನೇಹಿತರ ಜೊತೆ ಹೋಗಲಿ, ಊಟಕ್ಕೆ ಸೇರುವ ಜಾಗ ಮತ್ತು ಹೊತ್ತು ಮಾತ್ರ ಖಚಿತವಿರಲಿ. ಆದರೆ ಒಂದು ನಿಯಮವನ್ನು ಬಾಯಿಪಾಠ ಮಾಡಿಸಿ ಕಳಿಸಿ: ಕೆಳಗಿರುವವರಿಗೇ ಮೊದಲ ಹಕ್ಕು, ಡಿಕ್ಕಿ ತಪ್ಪಿಸುವ ಹೊಣೆ ಮೇಲಿನಿಂದ ಬರುವವರದು. ಕೆಳಗೆ ಪಿಜ್ಜಾ ಹಿಡಿದು ಅಡ್ಡಾದಿಡ್ಡಿ ತಿರುಗುತ್ತಿರುವ ಪುಟ್ಟ ಮಗುವಿಗೆ ಹಿಂದೆ ನೋಡಲು ಬರುವುದಿಲ್ಲ.

ಇನ್ನು ಸ್ಕೀ ಮಾಡದ ಅಜ್ಜಿ. ಅವರಿಗೆ ಕಾಲ್ನಡಿಗೆಯವರ ಟಿಕೆಟ್ ಕೊಳ್ಳಿ. ಕೇಬಲ್ ಕಾರು, ಗೊಂಡೊಲಾಗಳಲ್ಲಿ ಸ್ಕೀ ಇಲ್ಲದೆಯೂ ಹೋಗಿಬರಬಹುದು. ಕಾಲಿಗೆ ಬಲವಿಲ್ಲದವರು, ದೃಷ್ಟಿಯಿಲ್ಲದವರು, ಆಟಿಸಂ ಇರುವ ಮಕ್ಕಳು ಮನೆಯಲ್ಲಿದ್ದರೆ ಅವರನ್ನು ಕಿಟಕಿಯ ಬಳಿ ಕೂರಿಸಿ ಹೋಗಬೇಕೆಂದು ದಯವಿಟ್ಟು ತಿಳಿಯಬೇಡಿ. ಕುಳಿತುಕೊಂಡೇ ಇಳಿಯುವ ಸ್ಕೀಗಳಿವೆ, ದಾರಿ ಹೇಳುತ್ತಾ ಜೊತೆಯಲ್ಲೇ ಇಳಿಯುವ ಮಾರ್ಗದರ್ಶಕರಿದ್ದಾರೆ. ತಾಹೋದಲ್ಲಿ ಅಚೀವ್ ತಾಹೋ ಎಂಬ ಲಾಭರಹಿತ ಸಂಸ್ಥೆ ಇದನ್ನೇ ಕಲಿಸುತ್ತದೆ. ಇಂಥ ತರಗತಿಗೆ ಶಿಕ್ಷಕರು, ಸಲಕರಣೆ ಎಲ್ಲವನ್ನೂ ಆ ವ್ಯಕ್ತಿಗೆ ತಕ್ಕಂತೆ ಹೊಂದಿಸಬೇಕಾಗುವುದರಿಂದ, ಮನೆಯ ಉಳಿದವರ ಟಿಕೆಟ್ ಕೊಳ್ಳುವುದಕ್ಕೂ ಮೊದಲು ಅವರಿಗೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ.