ಅಜೋಲದ ಎಲೆಯೊಳಗಿನ ಜೀವಿಯನ್ನು ತೊಳೆದು ತೆಗೆಯಬೇಕೇ?

ಪ್ರಶ್ನೆ: ಅಜೋಲದ ಎಲೆಯೊಳಗೆ ಬ್ಯಾಕ್ಟೀರಿಯಾ ಇದೆಯಂತೆ. ದನಕ್ಕೆ ಹಾಕುವ ಮೊದಲು ಉಪ್ಪುನೀರಿನಲ್ಲಿ ನೆನೆಸಿ ತೆಗೆಯಬೇಕೇ?

ಬೇಡ. ಬದಿಯಡ್ಕ, ಪೆರ್ಲ, ಮಂಜೇಶ್ವರ ಎನ್ನದೆ ಅಡಿಕೆ ತೋಟದ ಬದಿಯಲ್ಲಿ ಟರ್ಪಾಲು ಹಾಸಿ ಅಜೋಲದ ಹೊಂಡ ಮಾಡಿದವರೆಲ್ಲ ಇದನ್ನೇ ಕೇಳುತ್ತಾರೆ. ಉಪ್ಪಿನ ಬದಲು ಅರಸಿನ ಹಾಕಿದವರೂ ಇದ್ದಾರೆ.

ಬ್ಯಾಕ್ಟೀರಿಯಾ ಎಂದೊಡನೆ ರೋಗ ಎನ್ನುವ ಈ ಹೆದರಿಕೆಯನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಮತ್ತೆ ಚಿಗುರುತ್ತದೆ. ಅಜೋಲ ನೀರಿನಲ್ಲಿ ತೇಲುವ ಜರಿಗಿಡ. ಅದರ ಒಂದೊಂದು ಎಲೆಗೂ ಎರಡು ಹಾಲೆಗಳು, ಅಂದರೆ ಎರಡು ಪಾಲು. ಮೇಲಿನ ಹಾಲೆಯೊಳಗೊಂದು ಪೊಟರೆ. ಅಲ್ಲಿ ಮಣಿಸರದಂತೆ ಕಾಣುವ ನೀಲಿಹಸಿರು ಬ್ಯಾಕ್ಟೀರಿಯಾ ವಾಸವಾಗಿದೆ. ಹೆಸರು ನಾಸ್ಟಾಕ್ ಅಜೋಲೆ. ಹಳೆಯ ಪುಸ್ತಕಗಳಲ್ಲಿ ಅನಬೀನ ಅಜೋಲೆ. ಗಾಳಿಯ ಸಾರಜನಕವನ್ನು ಅಮೋನಿಯ ಮಾಡಿ ಗಿಡಕ್ಕೆ ಕೊಡುವುದು ಇದರ ಕೆಲಸ. ಹಿಂಡಿಯ ಖರ್ಚು ತಗ್ಗಿಸಲೆಂದು ನೀವು ಅಜೋಲ ಬೆಳೆಸಿದ್ದು ಅದರ ಪ್ರೋಟೀನಿಗಾಗಿ ತಾನೇ? ಆ ಪ್ರೋಟೀನಿನ ಸಾರಜನಕ ಬಹುಪಾಲು ಬರುವುದು ಈ ಪೊಟರೆಯಿಂದಲೇ.

ಹೊರಗಿನಿಂದ ಅಂಟಿಕೊಂಡ ಕೊಳೆಯೂ ಇದಲ್ಲ. ಜರಿಗಿಡದ ಬೀಜಕದ ಜೊತೆಗೇ ತಾಯಿಯಿಂದ ಮರಿಗೆ ದಾಟುತ್ತದೆ. ಎಷ್ಟು ತಲೆಮಾರು ಹೀಗೆ ಕಳೆಯಿತೆಂದರೆ, ಸ್ವಂತವಾಗಿ ಬದುಕಲು ಬೇಕಾದ ಹಲವು ಜೀನುಗಳೇ ಅದರಲ್ಲಿ ಕೆಟ್ಟುಹೋಗಿವೆ. ಪ್ರಯೋಗಾಲಯದಲ್ಲಿ ಪ್ರತಿಜೈವಿಕ (ಆ್ಯಂಟಿಬಯೋಟಿಕ್) ಹಾಕಿ ಇದನ್ನು ತೆಗೆದದ್ದುಂಟು. ಆಮೇಲೆ ನೀರಿಗೇ ಸಾರಜನಕ ಬೆರೆಸದೆ ಗಿಡ ಏಳಲಿಲ್ಲ. ನಿಮ್ಮ ಉಪ್ಪುನೀರಿನಿಂದ ಬಾಡುವುದು ಅಜೋಲ ಮಾತ್ರ. ಇನ್ನು ದನದ ಹೊಟ್ಟೆಯೇ ಸೂಕ್ಷ್ಮಜೀವಿಗಳ ಕೊಪ್ಪರಿಗೆ. ಬೈಹುಲ್ಲನ್ನು ಕರಗಿಸುವವೂ ಅವೇ.

ತೊಳೆಯಬೇಕು ನಿಜ, ಆದರೆ ಹೊಂಡಕ್ಕೆ ಹಾಕಿದ ಸೆಗಣಿಯ ವಾಸನೆ ಹೋಗಲು. ಬಾವಿಯ ನೀರು ಸಾಕು.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಸಾರಜನಕ ಒಳಗೇ ತಯಾರಾಗುವುದಾದರೆ ಹೊಂಡಕ್ಕೆ ಸೆಗಣಿ ಏಕೆ? ಮುಖ್ಯವಾಗಿ ರಂಜಕಕ್ಕೆ. ಅದನ್ನು ಗಾಳಿಯಿಂದ ಹಿಡಿಯುವ ಜೀವಿ ಯಾವ ಪೊಟರೆಯಲ್ಲೂ ಇಲ್ಲ. ರಂಜಕ ಕಡಿಮೆಯಾದರೆ ಅಜೋಲ ಕೆಂಪಾಗುತ್ತದೆ. ಕುಂಭ ಮಾಸದ ಬಿಸಿಲಿಗೂ ಕೆಂಪಾಗುತ್ತದೆ, ಅದಕ್ಕೆ ರೋಗವೆಂದು ಗಾಬರಿಯಾಗಿ ಯೂರಿಯಾ ಸುರಿಯಬೇಡಿ. ಮೊದಲು ಸೋಗೆಯ ನೆರಳು ಮಾಡಿ ನೋಡಿ. ಆಮೇಲೂ ಹಸಿರು ಮರಳದಿದ್ದರೆ ಒಂದಿಷ್ಟು ರಂಜಕದ ಗೊಬ್ಬರ, ಸೂಪರ್ ಫಾಸ್ಫೇಟ್, ಕದಡಿ ಹಾಕಿ.