ಹಿಬರ್ನಿಯಾ ಅಂದ್ರೆ ಚಳಿ ದೇಶಾನಾ?

ಪ್ರಶ್ನೆ: ಐರ್ಲೆಂಡ್‌ಗೆ ಲ್ಯಾಟಿನ್‌ನಲ್ಲಿ ಹಿಬರ್ನಿಯಾ ಅಂತಿದ್ರಂತೆ. ಲ್ಯಾಪ್‌ಟಾಪಲ್ಲಿ ಬರೋ ಹೈಬರ್ನೇಟ್‌ಗೂ ಅದಕ್ಕೂ ಸಂಬಂಧ ಇದ್ಯಾ? ಅಲ್ಲಿ ಅಷ್ಟೊಂದು ಚಳೀನಾ?

ಉತ್ತರ: ಸಂಬಂಧ ಇದೆ, ಆದ್ರೆ ಹುಟ್ಟಿಂದ ಬಂದಿದ್ದಲ್ಲ, ಆಮೇಲೆ ಅಂಟ್ಕೊಂಡಿದ್ದು. ಲ್ಯಾಟಿನ್‌ನಲ್ಲಿ ಹಿಬರ್ನಸ್ ಅಂದ್ರೆ ಚಳಿಗಾಲದ್ದು ಅಂತ, ಹೈಬರ್ನೇಟ್ ಬಂದಿರೋದು ಅಲ್ಲಿಂದ್ಲೇ. ಹಿಬರ್ನಿಯಾದ ಮೂಲ ಬೇರೆ, ಅಲ್ಲಿನ ಸೆಲ್ಟಿಕ್ ಜನ ತಮ್ಮ ದ್ವೀಪಕ್ಕೆ ಇಟ್ಕೊಂಡಿದ್ದ ಹೆಸರು ಈವೆರಿಯು ಅಂತ ಭಾಷಾತಜ್ಞರು ಲೆಕ್ಕ ಹಾಕಿದಾರೆ, ಅರ್ಥ ಫಲವತ್ತಾದ ನೆಲ ಅಂತ ಇರ್ಬೇಕು ಅಂತಾರೆ. ಗ್ರೀಕರು ಅದನ್ನ ಇಯೆರ್ನೆ ಅಂದ್ರು, ರೋಮನ್ನರಿಗೆ ತಮ್ಮ ಹಿಬರ್ನಸ್ ಥರಾನೇ ಕೇಳಿಸ್ತೋ ಏನೋ, ಜೂಲಿಯಸ್ ಸೀಸರ್ ಬರೆಯೋ ಹೊತ್ತಿಗೆ ಅದು ಹಿಬರ್ನಿಯಾ ಆಗ್ಬಿಟ್ಟಿತ್ತು. ನಮ್ಮ ಬೆಂದಕಾಳೂರು ಕಥೆ ಇದ್ದಂಗೆ, ಹೆಸರು ಮೊದ್ಲು ಅರ್ಥ ಆಮೇಲೆ.

ಚಳಿ ವಿಷ್ಯಕ್ಕೆ ಬಂದ್ರೆ, ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹದಿಂದ ಐರ್ಲೆಂಡಲ್ಲಿ ಹಿಮಕ್ಕಿಂತ ಮಳೇನೇ ಜಾಸ್ತಿ. ಆದ್ರೆ ಸ್ಟ್ರೇಬೋ ಅನ್ನೋ ಗ್ರೀಕ್ ಭೂಗೋಳಕಾರ ಅಲ್ಲಿ ಚಳಿಗೆ ಮನುಷ್ಯರು ಬದುಕೋದೇ ಕಷ್ಟ ಅಂತ ಬರೆದಿಟ್ಟ. ನಂಗೆ ಇಷ್ಟ ಆಗೋದು ರೋಮನ್ ಭೂಗೋಳಕಾರ ಪೊಂಪೋನಿಯಸ್ ಮೆಲಾ, ಅಲ್ಲಿನ ಹುಲ್ಲು ಎಷ್ಟು ಸೊಂಪು ಅಂದ್ರೆ ದನಕರುಗಳನ್ನ ತಡೀದಿದ್ರೆ ಮೇದು ಮೇದು ಹೊಟ್ಟೆ ಒಡ್ಕೊಂಡು ಸಾಯ್ತವೆ ಅಂತಾನೆ! ಬುರುಡೆ ಸರಿ, ಆದ್ರೆ ಹೆಸರಿನ ಹಳೇ ಅರ್ಥಕ್ಕೆ ಹತ್ರ ಇರೋದು ಇವನೇ.

ರೋಮನ್ ಸೇನಾಧಿಪತಿ ಅಗ್ರಿಕೋಲ ಒಂದು ಲೀಜನ್ ಅಂದ್ರೆ ಒಂದು ದೊಡ್ಡ ಸೇನಾದಳ, ಜೊತೆಗೆ ಸ್ವಲ್ಪ ಸಹಾಯಕ ಪಡೆ ಇದ್ರೆ ಸಾಕು ಐರ್ಲೆಂಡನ್ನ ಗೆದ್ಬಿಡಬಹುದು ಅಂತಿದ್ನಂತೆ, ಅವನ ಅಳಿಯ ಟ್ಯಾಸಿಟಸ್ ಬರೆದಿದಾನೆ, ಆದ್ರೆ ರೋಮ್ ಆ ದ್ವೀಪಾನ ಯಾವತ್ತೂ ಆಳ್ಲಿಲ್ಲ. ಆಮೇಲಾಮೇಲೆ ಲ್ಯಾಟಿನ್‌ನಲ್ಲಿ ಐರಿಷ್ ಜನರಿಗೆ ಸ್ಕಾಟಿ, ಅವರ ನಾಡಿಗೆ ಸ್ಕೋಟಿಯಾ ಅಂತಾನೂ ಕರೆದ್ರು, ಆ ಹೆಸರು ಕೊನೆಗೆ ಪಕ್ಕದ ಸ್ಕಾಟ್‌ಲೆಂಡ್ ಪಾಲಾಯ್ತು.

ಹಿಬರ್ನಿಯಾ ಈಗ್ಲೂ ಅಲ್ಲಲ್ಲಿ ಸಿಗುತ್ತೆ. ಎಡಿನ್‌ಬರಾದ ಹಿಬರ್ನಿಯನ್ ಫುಟ್‌ಬಾಲ್ ಕ್ಲಬ್ಬನ್ನ 1875ರಲ್ಲಿ ಕಟ್ಟಿದ್ದು ಅಲ್ಲಿಗೆ ವಲಸೆ ಹೋದ ಐರಿಷ್ ಜನ. 1722ರಿಂದ 1724ರವರೆಗಿನ ಐರ್ಲೆಂಡಿನ ಚಿಲ್ಲರೆ ನಾಣ್ಯಗಳಲ್ಲಿ ಹಾರ್ಪ್ ಅನ್ನೋ ತಂತಿವಾದ್ಯದ ಜೊತೆ ಕೂತ ಹೆಂಗಸು, ಸುತ್ತ ಹಿಬರ್ನಿಯಾ ಅಂತ ಅಕ್ಷರ. ಈಗಿನ ಐರಿಷ್ ಯೂರೋ ನಾಣ್ಯದಲ್ಲೂ ಹಾರ್ಪ್ ಇದೆ, ಬರೆದಿರೋದು ಮಾತ್ರ ಏರೆ ಅಂತ, ಆ ಹಳೇ ಈವೆರಿಯುನೇ ಸವೆದು ಸವೆದು ಹಾಗಾಗಿರೋದು.