ಓಲ್ಡ್ ಫೇತ್‌ಫುಲ್ ಎಷ್ಟು ಗಂಟೆಗೆ ಚಿಮ್ಮುತ್ತದೆ?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟ ಓದುಗರು ತಪ್ಪದೇ ಕೇಳುವ ಪ್ರಶ್ನೆಯಿದು: "ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಓಲ್ಡ್ ಫೇತ್‌ಫುಲ್ ಬಿಸಿನೀರಿನ ಬುಗ್ಗೆ ಸರಿಯಾಗಿ ಗಂಟೆಗೊಮ್ಮೆ ಚಿಮ್ಮುತ್ತದಂತೆ, ನಾವು ಎಷ್ಟು ಗಂಟೆಗೆ ಅಲ್ಲಿರಬೇಕು?" ಅಲ್ಲಿನ ಸಂದರ್ಶಕರ ಕೇಂದ್ರದಲ್ಲಿ ಮುಂದಿನ ಅಂದಾಜು ಸಮಯವನ್ನು ಹಾಕಿರುತ್ತಾರೆ, ಹತ್ತು ನಿಮಿಷ ಹೆಚ್ಚುಕಡಿಮೆ ಆದೀತೆಂದುಕೊಂಡು ಮೊದಲೇ ಹೋಗಿ ಕುಳಿತರೆ ಸಾಕು. ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ "ಸರಿಯಾಗಿ ಗಂಟೆಗೊಮ್ಮೆ" ಎಂಬ ನಂಬಿಕೆಯನ್ನು ಎಷ್ಟು ಸಲ ತಿದ್ದಿದರೂ ಅದು ಮತ್ತೆ ಮತ್ತೆ ಬರುತ್ತಲೇ ಇರುವುದರಿಂದ, ಈ ಬಾರಿ ಬುಡದಿಂದಲೇ ಹೇಳುತ್ತೇನೆ.

1870ರಲ್ಲಿ ವಾಷ್‌ಬರ್ನ್ ಅನ್ವೇಷಣಾ ತಂಡ ಈ ಬುಗ್ಗೆಗೆ ಹೆಸರಿಟ್ಟ ಕಾಲದಲ್ಲಿ ಸರಾಸರಿ ಅಂತರ ಒಂದು ಗಂಟೆಯ ಆಸುಪಾಸಿನಲ್ಲಿದ್ದುದು ನಿಜ. ಅದು ಸರಾಸರಿಯೇ ಹೊರತು ವೇಳಾಪಟ್ಟಿಯಲ್ಲ. 1959ರ ಹೆಬ್ಗೆನ್ ಸರೋವರದ ಭೂಕಂಪದ ನಂತರ ಅಂತರ ಹಿಗ್ಗುತ್ತಾ ಬಂದು, ಈಗ ಸುಮಾರು ಒಂದೂವರೆ ಗಂಟೆಗೆ ತಲುಪಿದೆ.

ಅಂತರ ಪ್ರತಿ ಸಲವೂ ಒಂದೇ ಇರದಿರಲು ಕಾರಣ, ಬುಗ್ಗೆಯ ಕೆಳಗೆ ಭೂಮಿಯೊಳಗಿನ ಕೊಳವೆಯನ್ನು ನೋಡಿದರೆ ತಿಳಿಯುತ್ತದೆ. ಆ ಎತ್ತರದ ಪ್ರದೇಶದಲ್ಲಿ ನೀರು ಸುಮಾರು 93 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯಬೇಕು; ಆದರೆ ಕೊಳವೆಯ ತಳದಲ್ಲಿರುವ ನೀರು ಮೇಲಿನ ನೀರಿನ ಭಾರಕ್ಕೆ ಸಿಕ್ಕಿ ಕುದಿಯಲಾಗದೆ, ಇನ್ನಷ್ಟು ಬಿಸಿಯಾಗುತ್ತಲೇ ಹೋಗುತ್ತದೆ. ಏಳು ಮೀಟರಿನಷ್ಟು ಕೆಳಗೆ ಈ ಕೊಳವೆ ಅರ್ಧ ಗೇಣಿನಷ್ಟು ಕಿರಿದಾಗಿರುವುದರಿಂದ ಶಾಖ ಸಲೀಸಾಗಿ ಮೇಲಕ್ಕೆ ತಪ್ಪಿಸಿಕೊಳ್ಳಲಾರದು. ಮೇಲಿನ ನೀರು ಸ್ವಲ್ಪ ಉಕ್ಕಿ ಹೊರಚೆಲ್ಲಿದ ಕೂಡಲೇ ಒತ್ತಡ ಇಳಿದು, ಕೆಳಗಿನ ನೀರು ಹಠಾತ್ತನೆ ಹಬೆಯಾಗಿ, ಎಲ್ಲವನ್ನೂ 30ರಿಂದ 55 ಮೀಟರ್ ಎತ್ತರಕ್ಕೆ ಎಸೆಯುತ್ತದೆ. ಚಿಮ್ಮುವಿಕೆ ಎರಡೂವರೆ ನಿಮಿಷದೊಳಗೆ ಮುಗಿದರೆ ಒಳಗೆ ನೀರು ಮತ್ತು ಶಾಖ ಉಳಿದಿರುತ್ತವೆ, ಸುಮಾರು ಒಂದು ಗಂಟೆಯಲ್ಲೇ ಮುಂದಿನ ಸರದಿ ಬರುತ್ತದೆ. ನಾಲ್ಕೈದು ನಿಮಿಷ ಚಿಮ್ಮಿದರೆ ಮತ್ತೆ ತುಂಬಿ ಬಿಸಿಯಾಗಲು ಒಂದೂವರೆ ಗಂಟೆಗೂ ಹೆಚ್ಚು ಬೇಕು. ಅಲ್ಲಿನ ಸಿಬ್ಬಂದಿ ಹಿಂದಿನ ಚಿಮ್ಮುವಿಕೆಯ ಅವಧಿಯನ್ನು ಅಳೆದೇ ಮುಂದಿನದನ್ನು ಹೇಳುವುದು. ಇದು ಎಷ್ಟು ಸೊಗಸಾದ ಲೆಕ್ಕಾಚಾರ ನೋಡಿ! "ಗಂಟೆಗೊಮ್ಮೆ" ಎಂದುಬಿಟ್ಟರೆ ಈ ಸೊಗಸೇ ಕಾಣುವುದಿಲ್ಲ. ಅದೇ ಉದ್ಯಾನದ ಸ್ಟೀಮ್‌ಬೋಟ್ ಬುಗ್ಗೆ 90 ಮೀಟರಿಗೂ ಮೇಲೇರಬಲ್ಲದು, ಆದರೆ 1911ರಿಂದ 1961ರವರೆಗೆ ಅದು ದೊಡ್ಡದಾಗಿ ಚಿಮ್ಮಲೇ ಇಲ್ಲ.

ಹಾಗಾದರೆ ಗಡಿಯಾರ ನೋಡಿ ಚಿಮ್ಮುವ ಬುಗ್ಗೆಯೇ ಇಲ್ಲವೇ ಎಂದು ಯಾರೂ ಕೇಳದಿದ್ದರೂ ಹೇಳಲೇಬೇಕು. ನ್ಯೂಜಿಲೆಂಡಿನ ರೊಟೊರುವಾ ಬಳಿಯ ಲೇಡಿ ನಾಕ್ಸ್ ಬುಗ್ಗೆಯನ್ನು ದಿನವೂ ಬೆಳಿಗ್ಗೆ 10.15ಕ್ಕೆ ಪ್ರವಾಸಿಗರಿಗೆ ತೋರಿಸುತ್ತಾರೆ. ಸಿಬ್ಬಂದಿಯೊಬ್ಬರು ಅದರ ಬಾಯಿಗೆ ಸಾಬೂನು ಸುರಿಯುತ್ತಾರೆ. ನೀರಿನ ಮೇಲ್ಮೈ ಎಳೆತ ಕುಗ್ಗಿ, ಮೊದಲು ನೊರೆ ಉಕ್ಕುತ್ತದೆ, ಹಿಂದೆಯೇ ನೀರಿನ ಕಂಬ ಏಳುತ್ತದೆ. 1901ರ ಸುಮಾರಿಗೆ ಅಲ್ಲಿ ಬಟ್ಟೆ ಒಗೆಯುತ್ತಿದ್ದ ಕೈದಿಗಳ ಸಾಬೂನಿನಿಂದಲೇ ಈ ಗುಟ್ಟು ಹೊರಬಿದ್ದದ್ದು. ಯೆಲ್ಲೋಸ್ಟೋನ್‌ನಲ್ಲಿ ಮಾತ್ರ ಬುಗ್ಗೆಗಳಿಗೆ ಸಾಬೂನಿರಲಿ, ಒಂದು ನಾಣ್ಯವನ್ನು ಹಾಕುವುದೂ ನಿಷಿದ್ಧ: ಜನರು ಎಸೆದ ನಾಣ್ಯ ಮತ್ತು ಕಸದಿಂದ ಮಾರ್ನಿಂಗ್ ಗ್ಲೋರಿ ಕೊಳದ ಬಾಯಿ ಕಟ್ಟಿ, ನೀರು ತಣಿದು, ಅದರ ಅಚ್ಚ ನೀಲಿಯನ್ನು ಅಂಚಿನಿಂದ ಹಳದಿ, ಕಿತ್ತಳೆ ಬಣ್ಣಗಳು ಆಕ್ರಮಿಸಿವೆ.